ಸಕ್ಕರೆ ತಿನ್ನಿಸಿ ಗೆದ್ದ ಮ್ಯಾಚು

ಆಗ ನನಗೆ ಹತ್ತೊಂಬತ್ತು. ಅದಾಗಿ ಐವತ್ತೈದು ವರ್ಷದ ಮೇಲಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಬೇಡಿಕೊಂಡೂ ಇಲ್ಲ.

ಹುಮನಾಬಾದಿನಲ್ಲಿ ನಮ್ಮ ಮನೆ ಕೆಂಪು ಮುರುಮಿನ ಮೈದಾನಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಮಣ್ಣಿನ ಮಾಳಿಗೆ. ಹತ್ತಿ ನಿಂತರೆ ಎರಡೂ ಕಡೆಯ ಗೋಲುಕಂಬ ಕಾಣುತ್ತಿದ್ದವು. ಹೆಂಗಸರು ಮೈದಾನಕ್ಕೆ ಹೋಗುವ ಹಾಗಿರಲಿಲ್ಲ. ಮಾಳಿಗೆಗೆ ಮಾತ್ರ ಯಾರ ತಕರಾರೂ ಇರಲಿಲ್ಲ. ಹಪ್ಪಳ ಒಣಹಾಕುವ ನೆಪ, ಮೆಣಸಿನಕಾಯಿ ಕಾಯುವ ನೆಪ. ನನ್ನನ್ನು ಮೂರನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಫುಟ್‌ಬಾಲ್ ನೋಡುವುದನ್ನು ಬಿಡಿಸಲು ಯಾರಿಗೂ ನೆನಪಾಗಲಿಲ್ಲ.

ಅಪ್ಪನದು ಎಣ್ಣೆ ಬೆಲ್ಲದ ಅಂಗಡಿ. ಅಂಗಡಿ ಹೆಸರಿಗೆ ಮಾತ್ರ, ಜೀವವೆಲ್ಲ ಊರಿನ ಟೀಮಿನ ಮೇಲೆ. ಟೀಮಿಗೆ ಅವನೇ ಹಿರಿಯ. ಚೆಂಡು ನಮ್ಮ ಮನೆಯಲ್ಲೇ ಇರುತ್ತಿತ್ತು, ಜೋಳದ ಚೀಲದ ಮೇಲೆ. ಗಂಡುಮಕ್ಕಳಿರಲಿಲ್ಲ, ಅಕ್ಕಂದಿರಿಬ್ಬರೂ ಗಂಡನ ಮನೆಗೆ ಹೋಗಿದ್ದರು. ಆಟದ ಮಾತಾಡಲು ಅವನಿಗೆ ಸಿಕ್ಕವಳು ನಾನೊಬ್ಬಳೇ. ರೊಟ್ಟಿ ಮುರಿಯುತ್ತ ಕೇಳುವನು.

"ಮಾಳಿಗಿ ಮ್ಯಾಲಿಂದ ಹ್ಯಾಂಗ ಕಂಡ್ತು? ನಮ್ಮ ಎಡಗಡಿ ಬ್ಯಾಕಿನವ ಓಡ್ತಾನೋ ಇಲ್ಲೋ?"

"ನಿಂದರತಾನ. ನಿಂತು ಮೀಸಿ ತಿರವತಾನ."

ಅಪ್ಪ ನಗುವನು. ಮರುದಿನ ಆ ಬ್ಯಾಕಿನವನಿಗೆ ಬೈಗುಳ ಬೀಳುವುದು. ಊರಿನವರ ಕಣ್ಣಿನಲ್ಲಿ ನಾನು ಮದುವೆಯ ವಯಸ್ಸು ದಾಟಿದವಳು. ಅವ್ವ ಅದಕ್ಕೆ ಅಳುತ್ತಿದ್ದಳು. ಅಪ್ಪನಿಗೆ ಪುರುಸೊತ್ತಿರಲಿಲ್ಲ.

ನಮ್ಮ ಎದುರಾಳಿ ಎಂದರೆ ಕಲ್ಯಾಣ. ಬಸ್ಸಿನ ಬೋರ್ಡಿನ ಮೇಲೆ ಬಸವಕಲ್ಯಾಣ, ನಮ್ಮ ಬಾಯಿಯಲ್ಲಿ ಬರೀ ಕಲ್ಯಾಣ. ಸುಗ್ಗಿಯಲ್ಲಿ, ಹೋಳಿ ಹುಣ್ಣಿಮೆಗೆ ಮೊದಲು, ವರ್ಷಕ್ಕೊಂದು ಮ್ಯಾಚು. ಬೇರೆ ಊರುಗಳ ಜೊತೆಗೂ ಆಡುತ್ತಿದ್ದರು, ಅದನ್ನು ಆಟ ಎನ್ನುತ್ತಿದ್ದರು. ಕಲ್ಯಾಣದ ಜೊತೆ ಆಡುವುದಕ್ಕೆ ಆ ಹೆಸರು ಸಾಲುತ್ತಿರಲಿಲ್ಲ. ಸೋತ ಊರಿನ ವ್ಯಾಪಾರಿ ಗೆದ್ದ ಊರಿನ ಸಂತೆಗೆ ಹೋದರೆ, ತಕ್ಕಡಿ ಎತ್ತುವ ಮೊದಲೇ "ಎಷ್ಟ ಗೋಲು ತಿಂದ್ರಿ?" ಎಂದು ಕೇಳುತ್ತಿದ್ದರು. ಕಲ್ಯಾಣದಿಂದ ಬಂದ ಸೊಸೆಯರು ಆ ವಾರ ನಮ್ಮ ಓಣಿಯಲ್ಲಿ ನೀರಿಗೆ ಬಂದರೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದರು.

ಹಳ್ಳಿಯ ಹುಡುಗರಿಗೆ ಬೇರೆ ಪದ್ಧತಿ ಇತ್ತು. ಊರಿನ ಹುಡುಗರು ಅವರವರ ಊರಿಗೆ. ಸುತ್ತಲಿನ ಹಳ್ಳಿಯವರು, ಬೇಮಳಖೇಡದವರಾಗಲಿ ಕೊಹಿನೂರದವರಾಗಲಿ, ಪಾಲಿಗೆ ಬರಬೇಕು. ಮ್ಯಾಚಿಗೆ ಎಂಟು ದಿನ ಇರುವಾಗ ನಡುದಾರಿಯ ಬಾವಿಕಟ್ಟೆಯ ಹತ್ತಿರ ಎರಡೂ ಊರಿನ ಹಿರಿಯರು ಕೂಡುತ್ತಿದ್ದರು. ಹುಡುಗರು ಸಾಲಾಗಿ ಕೂರಬೇಕು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ದೊಡ್ಡವನು ಪಾಲು ಹಾಕುತ್ತಾನೆ, ಸಣ್ಣವನು ಮೊದಲು ಆರಿಸುತ್ತಾನೆ. ಇಲ್ಲಿಯೂ ಹಾಗೆಯೇ. ಹೋದ ವರ್ಷ ಗೆದ್ದವರು ದೊಡ್ಡಣ್ಣ, ಸೋತವರು ತಮ್ಮ. ತಮ್ಮನಿಗೆ ಮೊದಲ ಆಯ್ಕೆ. ಆರಿಸಿದ ಹುಡುಗನ ಹೆಗಲಿಗೆ ಒಂದು ದಸ್ತಿ, ಅಂದರೆ ಕೈವಸ್ತ್ರ, ಹಾಕಿದರೆ ಮುಗಿಯಿತು. ಆ ದಸ್ತಿ ಹಾಕಿದ ಊರಿಗಲ್ಲದೆ ಬೇರೆ ಊರಿಗೆ ಅವನು ಆ ವರ್ಷ ಆಡುವಂತಿಲ್ಲ. ಈಗ ಟೀವಿಯಲ್ಲಿ ಕೋಟು ಹಾಕಿಕೊಂಡು ಕೂತು ಆಟಗಾರರನ್ನು ಹರಾಜು ಕೂಗುತ್ತಾರೆ. ನಮ್ಮ ಕಡೆ ಒಂದು ದಸ್ತಿಯಲ್ಲಿ ಕೆಲಸ ಮುಗಿಯುತ್ತಿತ್ತು.

ಆ ವರ್ಷ ಕೊಹಿನೂರದ ಒಬ್ಬ ಹೊಸ ಹುಡುಗ ಬಂದಿದ್ದ. ರೈತರ ಮಗ, ಉದ್ದ ಕಾಲು, ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ದೀಪಾವಳಿಯ ನಂತರ ನಮ್ಮ ಮೈದಾನದಲ್ಲಿ ಹಳ್ಳಿಯವರು ಒಂದು ಆಟ ಆಡಿದಾಗ ಮಾಳಿಗೆಯಿಂದ ಅವನನ್ನು ನೋಡಿದ್ದೆ. ಬರಿಗಾಲು. ಎಲ್ಲರೂ ಬಲಗಾಲಿನಲ್ಲಿ ಹೊಡೆದರೆ ಇವನು ಎಡಗಾಲಿನಲ್ಲಿ. ಚೆಂಡು ಕಾಲಿಗೆ ಸಿಕ್ಕ ಮೇಲೆ ಗಡಿಬಿಡಿ ಇಲ್ಲ. ಎದುರಿನವನು ಎಲ್ಲಿ ಕಾಲಿಡುತ್ತಾನೆ ಎಂದು ನೋಡಿ, ಅವನು ಕಾಲಿಟ್ಟ ಮೇಲೆ ಹೊರಡುತ್ತಿದ್ದ. ಹತ್ತು ವರ್ಷ ಮಾಳಿಗೆಯ ಮೇಲೆ ಕೂತ ನಾನು ಅಂಥವನನ್ನು ಕಂಡಿರಲಿಲ್ಲ. ಅಪ್ಪನೂ ಕಂಡಿರಲಿಲ್ಲ.

ಹಿಂದಿನ ವರ್ಷ ಗೆದ್ದವರು ನಾವು. ಆದ್ದರಿಂದ ಮೊದಲ ಆಯ್ಕೆ ಕಲ್ಯಾಣದ್ದು. ಅವರು ಬೇರೆ ಯಾರ ಕಡೆಗೂ ನೋಡದೆ ಅವನ ಹೆಗಲಿಗೆ ದಸ್ತಿ ಹಾಕಿದರು. ಅಪ್ಪ ಮನೆಗೆ ಬಂದವನೇ ಚಪ್ಪಲಿ ಒಂದನ್ನು ಅಂಗಳಕ್ಕೆ, ಒಂದನ್ನು ದನದ ಕೊಟ್ಟಿಗೆಗೆ ಒಗೆದ.

"ಗೆದ್ದದ್ದೇ ತಪ್ಪಾತು," ಎಂದ. "ಗೆದ್ದವರಿಗಿ ಉಳದದ್ದು ಬಳದದ್ದು."

"ಬರ್ಲಿ ಬಿಡಪ್ಪಾ," ಎಂದೆ. "ಅಂಥವನ ಎದರಿಗಿ ಗೆದ್ರ ಅದು ಗೆಲವು."

ಅಪ್ಪ ನನ್ನನ್ನು ನೋಡಿದ. ತಿರುಗಿ ಇನ್ನೊಮ್ಮೆ ನೋಡಿದ. ಅಂಗಡಿಯಲ್ಲಿ ಬೆಲ್ಲದ ಪೆಂಟೆಯನ್ನು ನೋಡುವ ನೋಟ ಅದು. ನನಗೆ ಅದು ಆಗ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಅಪ್ಪ ಕೊಹಿನೂರಕ್ಕೆ ಹೋದ. ಸಂಜೆ ಬಂದು ಅವ್ವನಿಗೆ ಹೇಳಿದ, "ಹುಡುಗ ನೋಡಿ ಬಂದೀನಿ. ಹೊಲ ಅದ, ಎತ್ತು ಅವ, ಅತ್ತಿ ಮಾವ ಅದಾರ. ಶುಕ್ರವಾರ ಬರತಾರ, ಸಕ್ಕರಿ ತಿನ್ನಸೂದು." ನಮ್ಮ ಕಡೆ ಸಕ್ಕರೆ ತಿನ್ನಿಸಿದರೆ ಮದುವೆ ಗೊತ್ತಾದ ಹಾಗೆ. ಅವ್ವ ದೇವರ ಜಗಲಿಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಎಷ್ಟೋ ವರ್ಷದಿಂದ ಬೇಡಿದ್ದು ಒಂದೇ ದಿನದಲ್ಲಿ ಬಂದಿತ್ತು. ಯಾವ ಹುಡುಗ ಎಂದು ತಿಳಿದ ಮೇಲೆ ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಆ ಎಡಗಾಲನ್ನು ದಿನಾ ನೋಡಬಹುದು ಎಂದು ಖುಷಿಯಾಯಿತು.

ಶುಕ್ರವಾರ ಅವರು ಬಂದರು. ಹಳದಿ ಸೀರೆ ತಂದಿದ್ದರು, ಕುಪ್ಪಸದ ಕಣ ತಂದಿದ್ದರು. ಹುಡುಗನ ತಾಯಿ ನನ್ನ ಬಾಯಿಗೆ ಸಕ್ಕರೆ ಇಟ್ಟಳು, ಅವ್ವ ಹುಡುಗನ ಬಾಯಿಗೆ ಇಟ್ಟಳು. ಎಲ್ಲರೂ ಊಟಕ್ಕೆ ಕೂತಾಗ ನಾನು ಅವನಿಗೆ ಕೈ ತೊಳೆಯಲು ನೀರು ಹಾಕಿದೆ. ಅವನು ಅಂಗಳದ ಮೂಲೆಯಲ್ಲಿ ಬಗ್ಗಿ ನಿಂತು ಮೆಲ್ಲಗೆ ಕೇಳಿದ.

"ನೀವು ಮ್ಯಾಚ್ ನೋಡತೀರಂತಲ್ರಿ?"

"ನೋಡತೀನ್ರಿ."

"ಈ ಸಲ ನನ್ನ ಹುಡುಕಬ್ಯಾಡ್ರಿ. ನಾ ಕುರ್ಚಿ ಮ್ಯಾಲ ಕೂಡವ."

"ಯಾಕ್ರಿ?"

"ಮಾವನ ಊರ ಮ್ಯಾಲ ಅಳಿಯ ಆಡಬಾರದಂತ. ನಿಮ್ಮಪ್ಪಾರೇ ಹೇಳ್ಯಾರ."

ತಂಬಿಗೆಯ ನೀರು ಅವನ ಕಾಲ ಮೇಲೆ ಸುರಿಯಿತು. ಅವನ ಹೆಬ್ಬೆರಳ ಉಗುರು ಕಪ್ಪಾಗಿತ್ತು, ಚೆಂಡು ಒದ್ದು ಒದ್ದು. ನಾನು ಅದನ್ನೇ ನೋಡುತ್ತ ನಿಂತೆ.

ಆ ಕಟ್ಟಳೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ಅಳಿಯ ಗೋಲು ಹೊಡೆದರೆ ಮಾವನ ಮರ್ಯಾದೆ ಹೋಗುತ್ತದೆ, ಅಳಿಯನ ಕಾಲು ಮುರಿದರೆ ಮಗಳ ಬಾಳು ಹೋಗುತ್ತದೆ. ಅದಕ್ಕಾಗಿ ಮದುವೆಯಾದವರು ಹೆಂಡತಿಯ ಊರಿನ ಮೇಲೆ ಆಡುತ್ತಿರಲಿಲ್ಲ. ಆದರೆ ಬರೀ ಸಕ್ಕರೆ ತಿಂದವನನ್ನು ಅಳಿಯ ಎಂದು ಹಿಡಿದು ಕೂರಿಸಿದ್ದು ಅಪ್ಪನೇ ಮೊದಲು. ಕಲ್ಯಾಣದವರು ಎದುರಾಡಲಿಲ್ಲ. ಎದುರಾಡಿದರೆ ಈ ಸಂಬಂಧ ಸಂಬಂಧವೇ ಅಲ್ಲ ಎಂದಂತಾಗುತ್ತದೆ. ಒಂದು ಹೆಣ್ಣಿನ ಮಾತು ನಡುವೆ ಬಂದ ಮೇಲೆ ಮರ್ಯಾದಸ್ಥರು ಬಾಯಿ ತೆರೆಯುವುದಿಲ್ಲ. ಅಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನಿಗೆ ಆ ಹುಡುಗ ನಮ್ಮ ಟೀಮಿಗೆ ಬೇಕಾಗಿರಲಿಲ್ಲ, ದಸ್ತಿ ಬಿದ್ದಾಗಿತ್ತು. ಅವನು ಯಾರಿಗೂ ಆಡದಿದ್ದರೆ ಸಾಕಾಗಿತ್ತು. ಕರುವಿನ ಕೊರಳಿಗೆ ಹಗ್ಗ ಬೇಕು, ಮನೆಯಲ್ಲಿ ಹಗ್ಗ ಇತ್ತು.

ಅವರು ಹೋದ ಮೇಲೆ ಅವ್ವನಿಗೆ ಹೇಳಿದೆ. "ಇದು ಮದಿವಿ ಅಲ್ಲಬೇ, ಆಟ ಕೆಡಸೂ ಹುನ್ನಾರ."

"ಏನರ ಇರ್ಲಿ," ಎಂದಳು ಅವ್ವ. "ಮನಿ ಅಂತೂ ಸಿಕ್ತಲ್ಲ. ಸುಮ್ಮನ ಇರು."

ಸುಮ್ಮನಿದ್ದೆ. ಮದುವೆಯಾದರೂ ಆಗುತ್ತದೆ ಎಂದುಕೊಂಡು ಹಲ್ಲು ಕಚ್ಚಿದೆ.

ಮ್ಯಾಚಿನ ದಿನ ಮಾಳಿಗೆಯ ಮೇಲೆ ನನ್ನ ಪಕ್ಕ ಖಾಲಾ ಇದ್ದಳು. ಗೋಡೆಯಾಚೆಯ ಮನೆಯವಳು, ಗಂಡ ಟಾಂಗಾ ಹೊಡೆಯುತ್ತಿದ್ದ. ಆಕೆಯ ಮಾಳಿಗೆ ತಗ್ಗು, ಗೋಲುಕಂಬ ಒಂದೇ ಕಾಣುತ್ತಿತ್ತು, ಅದಕ್ಕೆ ನಮ್ಮ ಕಡೆ ದಾಟಿ ಬರುತ್ತಿದ್ದಳು. ನನಗಿಂತ ದೊಡ್ಡ ಆಟದ ಹುಚ್ಚಿ.

"ನಿನ್ನ ದೂಲ್ಹಾ ಎಲ್ಲಿ?" ಎಂದಳು.

ತೋರಿಸಿದೆ. ಗೆರೆಯ ಹೊರಗೆ ನಮ್ಮ ಹಿರಿಯರ ನಡುವೆ ಕುರ್ಚಿಯ ಮೇಲೆ ಕೂರಿಸಿದ್ದರು. ಕೊರಳಲ್ಲಿ ಚೆಂಡುಹೂವಿನ ಮಾಲೆ, ಕೈಯಲ್ಲಿ ಸೋಡಾ ಬಾಟ್ಲಿ. ಸೋಡಾ ಕುಡಿಯುತ್ತಿರಲಿಲ್ಲ. ಚೆಂಡು ಎತ್ತ ಹೋದರೆ ಅವನ ಮೊಣಕಾಲು ಅತ್ತ ಹೋಗುತ್ತಿತ್ತು. ಕಲ್ಯಾಣದಿಂದ ಬಂದವರು ಕೂಗುತ್ತಿದ್ದರು. "ಅಳಿಯಂದಿರಿಗಿ ಗಾಳಿ ಹಾಕ್ರೋ. ಕಾಲು ಸವದಾವು, ತುಪ್ಪ ಹಚ್ಚರೋ."

"ಬೇಟಿ," ಎಂದಳು ಖಾಲಾ, "ನಿಮ್ಮ ಅಬ್ಬಾ ಮೈದಾನಕ್ಕ ಇಳೀಲಿಲ್ಲ, ಬಾಲ್ ಮುಟ್ಟಲಿಲ್ಲ, ಗೋಲ್ ಹೊಡದಾನ. ಉಸ್ತಾದ ಅಂದ್ರ ಉಸ್ತಾದ."

"ನಗಬ್ಯಾಡ ಖಾಲಾ."

"ನಗಾಕತ್ತಿಲ್ಲ. ನನಗ ಆ ಹುಡುಗನ ಆಟ ನೋಡೂದಿತ್ತು. ಅದಕ್ಕಂತ ಅಡಗಿ ಬಿಟ್ಟು ಬಂದೀನಿ."

ನನಗೂ ಅದೇ ಸಂಕಟ. ಹೇಳಿದರೆ ಜನ ನಂಬುವುದಿಲ್ಲ. ನನ್ನನ್ನು ಹಗ್ಗ ಮಾಡಿದ್ದಕ್ಕೆ ಎಷ್ಟು ಸಿಟ್ಟಿತ್ತೋ, ಒಳ್ಳೆಯ ಆಟ ಹಾಳು ಮಾಡಿದ್ದಕ್ಕೂ ಅಷ್ಟೇ ಸಿಟ್ಟಿತ್ತು. ಕಲ್ಯಾಣದವರು ಅವನ ಜಾಗಕ್ಕೆ ಹೊಟ್ಟೆ ಬಂದ ಒಬ್ಬ ಹಳೆಯವನನ್ನು ಇಳಿಸಿದ್ದರು. ಅವನು ಅರ್ಧ ಹೊತ್ತಿಗೆ ಸೊಂಟ ಹಿಡಿದುಕೊಂಡು ನಿಂತ. ನಮ್ಮವರೂ ಏನು ಹುಲಿಗಳಲ್ಲ. ನಮ್ಮ ಮೀಸೆಯ ಬ್ಯಾಕು ಎಂದಿನಂತೆ ನಿಂತಿದ್ದ. ಆ ಎಡಗಾಲಿನವನು ಇದ್ದಿದ್ದರೆ ಅವನ ಪಕ್ಕದಿಂದ ಎಷ್ಟು ಸಲ ದಾಟುತ್ತಿದ್ದ ಎಂದು ಲೆಕ್ಕ ಹಾಕುತ್ತ ಕೂತೆ. ಕೊನೆಗೆ ಮೂಲೆಯಿಂದ ಬಂದ ಚೆಂಡು ನಮ್ಮವನೊಬ್ಬನ ಬೆನ್ನಿಗೆ ಬಡಿದು ಒಳಗೆ ಹೋಯಿತು. ಅವನು ಆಗ ತಿರುಗಿ ಯಾರಿಗೋ ಬೈಯುತ್ತಿದ್ದ. ಚೆಂಡು ಬಂದದ್ದೂ ಅವನಿಗೆ ಗೊತ್ತಿಲ್ಲ. ಸೀಟಿ ಊದಿದರು. ಹುಮನಾಬಾದ ಗೆದ್ದಿತು.

ಹಲಗೆ ಬಡಿದರು, ಗುಲಾಲು ಹಾರಿಸಿದರು, ಅಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಬೆನ್ನಿಗೆ ಚೆಂಡು ಬಡಿಸಿಕೊಂಡವನನ್ನು ಎತ್ತಲಿಲ್ಲ. ಆಟ ಯಾರು ಗೆಲ್ಲಿಸಿದರು ಎಂದು ಅವರಿಗೂ ಗೊತ್ತಿತ್ತು.

ಸಂಜೆ ಅಪ್ಪ ಮೈತುಂಬ ಗುಲಾಲು ಮೆತ್ತಿಕೊಂಡು ಬಂದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಹಿಟ್ಟು ನಾದಿ ಕೊಡುತ್ತಿದ್ದೆ. ಅಪ್ಪ ಗೋಡೆಗೆ ಒರಗಿ ಕೂತು ಹೇಳಿದ.

"ಇನ್ನ ಆ ಕೊಹಿನೂರದವರಿಗಿ ನಾಳೆ ಒಂದು ಮಾತು ಕಳಸಬೇಕು."

"ಮುಹೂರ್ತ ಕೇಳ್ಯಾರೇನು?" ಎಂದಳು ಅವ್ವ.

"ಎಲ್ಲಿ ಮುಹೂರ್ತ? ಹೊಲದಾಗ ಕಳಿ ತಗಿಯೋ ಮನಿಗಿ ಮಗಳನ್ನ ಕೊಡತೀನೇನು? ಮ್ಯಾಚ್ ಮುಗೀತು, ಸಕ್ಕರಿನೂ ಕರಗೀತು."

ಅವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಅಪ್ಪ ಅಂಗಡಿಯ ಲೆಕ್ಕ ಹೇಳುವ ದನಿಯಲ್ಲಿ ಮುಂದುವರಿಸಿದ. "ಹುಡುಗಿದು ಮೂಲಾ ನಕ್ಷತ್ರ, ಸ್ವಾಮಿಗೋಳು ಈಗ ಪಂಚಾಂಗ ನೋಡಿ ಹೇಳ್ಯಾರ ಅಂತ ಹೇಳಿಸತೀನಿ. ಹುಡುಗನ ಅಪ್ಪ ಬದಕ್ಯಾನ. ಅಂಜಿ ತಾವೇ ಕೈ ಬಿಡತಾರ. ನಮ್ಮ ಮ್ಯಾಲ ಮಾತು ಬರಂಗಿಲ್ಲ."

ಮೂಲಾ ನಕ್ಷತ್ರ ಎಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಆ ನಕ್ಷತ್ರದವಳು ಹೊಸ್ತಿಲು ದಾಟಿದರೆ ಮಾವ ಸಾಯುತ್ತಾನೆ ಎಂಬ ನಂಬಿಕೆ. ಮಾವ ಇರುವ ಯಾವ ಮನೆಯವರೂ ಅಂಥವಳನ್ನು ಕರೆದುಕೊಳ್ಳುವುದಿಲ್ಲ. ಎರಡನೆಯ ಸಂಬಂಧದವನೋ ಮುದುಕನೋ ಬಂದರೆ ಉಂಟು. ಅದು ಒಮ್ಮೆ ಬಾಯಿಂದ ಹೊರಬಿದ್ದರೆ ಬಸ್ಸಿಗಿಂತ ಮೊದಲು ಊರೂರು ಮುಟ್ಟುತ್ತದೆ, ಸಾಯುವವರೆಗೂ ಹೋಗುವುದಿಲ್ಲ. ಅಪ್ಪ ಒಂದು ಆಟಕ್ಕಾಗಿ ಅದನ್ನು ನನ್ನ ಹಣೆಗೆ ಬರೆಯಲು ಹೊರಟಿದ್ದ. ಅದೂ ತನ್ನ ಮೇಲೆ ಮಾತು ಬರಬಾರದು ಎಂದು.

"ಆಕಿ ಶೀಗಿ ಹುಣ್ಣಿವಿ ದಿನ ಹುಟ್ಟ್ಯಾಳ," ಎಂದಳು ಅವ್ವ. "ಹಡದಾಕಿ ನಾ. ಮೂಲಾ ಎಲ್ಲಿಂದ ಬಂತು?"

"ನಿನಗ ಯಾರ ಕೇಳ್ಯಾರ?"

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆಕೆಗೆ ಅಷ್ಟು ಹೇಳಿದ್ದೇ ದೊಡ್ಡದು. ನಾನು ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ.

"ಅಪ್ಪಾ, ಇದನ್ನ ಹೇಳಿಸಬ್ಯಾಡ."

"ಊರಿನ ಮರ್ಯಾದಿ ಸಲವಾಗಿ ಇಷ್ಟು ತಡಕೊಳ್ಳಾಕ ಆಗಂಗಿಲ್ಲೇನು? ನೀನೂ ಹುಮನಾಬಾದದಾಕಿ ಹೌದಿಲ್ಲೋ?"

"ಹನ್ನೊಂದು ಮಂದಿ ಗಂಡಸರು ಇದ್ರಲ್ಲ ಮೈದಾನದಾಗ. ಅವರ ಕೈಲಿ ಆಗಲಾರದ್ದು ನಾ ಮಾಡಬೇಕಾಗಿತ್ತೇನು?"

ಅಪ್ಪನ ಮುಖ ಗುಲಾಲಿನ ಕೆಳಗೂ ಕೆಂಪಾಯಿತು. "ಮಾಳಿಗಿ ಹತ್ತಿ ಹತ್ತಿ ನಾಲಿಗಿ ಉದ್ದ ಆಗ್ಯದ. ನಾಳಿಂದ ಹತ್ತೂದು ಬಂದ್. ಅಂಗಡಿ ತಗದ ಮ್ಯಾಲ ಆಳು ಕಳಸತೀನಿ, ಮುಗೀತು."

ಅಂಗಡಿ ತೆಗೆದ ಮೇಲೆ ಎಂದ. ಆ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪ ಅಂಗಡಿ ತೆಗೆಯುವುದು ಬಿಸಿಲೇರಿದ ಮೇಲೆ. ಗೆದ್ದ ಮರುದಿನ ಇನ್ನೂ ತಡ.

ಮರುದಿನ ಬೆಳಕು ಹರಿಯುವಾಗ ಹಳದಿ ಸೀರೆಯನ್ನು ಗಂಟು ಕಟ್ಟಿಕೊಂಡು ಮಾಳಿಗೆಯಿಂದ ಖಾಲಾಳ ಮನೆಗೆ ಇಳಿದೆ. ಆಕೆ ಒಲೆ ಹಚ್ಚುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಬಸ್ಸಿಗೆ ಆಗುವಷ್ಟು ಚಿಲ್ಲರೆಯನ್ನು ಡಬ್ಬಿಯಿಂದ ತೆಗೆದುಕೊಟ್ಟಳು.

"ಹೋಗು," ಎಂದಳು. "ನಿಮ್ಮ ಅಬ್ಬಾ ಕೇಳಿದ್ರ ನಮ್ಮ ಅಂಗಳದಾಗ ಹಪ್ಪಳ ಒಣಗಸಾಕತ್ತಾಳ ಅಂತೀನಿ. ಅಂವಗ ಹಪ್ಪಳ ಒಣಗಸೂ ಹೊತ್ತು ಎಲ್ಲಿ ಗೊತ್ತು?"

ಕಲ್ಯಾಣದವರೆಗೆ ಬಸ್ಸು. ಅಲ್ಲಿಂದ ಕೊಹಿನೂರದ ಕಡೆ ಹೊರಟ ಒಂದು ಬಂಡಿಯಲ್ಲಿ ಹೆಂಗಸರಿದ್ದರು, ಹತ್ತಿಕೊಂಡೆ. ಎಲ್ಲಿಯವಳು ಎಂದು ಕೇಳಿದರು. ಹುಮನಾಬಾದದವಳು ಎಂದೆ. ಅದರಲ್ಲೊಬ್ಬಳು, "ಸಕ್ಕರಿ ತಿನ್ನಿಸಿ ಗೆದ್ದವರ ಊರಾಕಿ ಹೌದಲ್ಲ?" ಎಂದಳು. ಹೌದು ಎಂದೆ.

ಹುಡುಗನ ಮನೆಯವರು ಕಣದಲ್ಲಿದ್ದರು. ಅವನು ಜೋಳದ ತೆನೆಯ ಮೇಲೆ ಎತ್ತು ಸುತ್ತಿಸುತ್ತಿದ್ದ. ಅವನ ತಾಯಿ ತೂರುತ್ತಿದ್ದಳು, ಕೂಲಿಗೆ ಬಂದ ಹೆಂಗಸರು ನಾಲ್ಕೈದು ಜನ ಇದ್ದರು. ನನ್ನನ್ನು ಒಬ್ಬಳನ್ನೇ ಕಂಡು ಆಕೆ ಮೊರ ಕೆಳಗಿಟ್ಟಳು.

"ಏನಾತವ್ವಾ? ಯಾರ ಹೋದ್ರು?"

"ಯಾರೂ ಹೋಗಿಲ್ರಿ. ಮನಿಗಿ ಹೋಗಿ ಮಾತಾಡೂದು ಬ್ಯಾಡ, ಇಲ್ಲೇ ಎಲ್ಲಾರ ಮುಂದ ಹೇಳತೀನಿ. ಮಧ್ಯಾಹ್ನ ನಮ್ಮಪ್ಪನ ಆಳು ಬರತಾನ. ಹುಡುಗಿದು ಮೂಲಾ ನಕ್ಷತ್ರ ಅಂತಾನ. ಅದು ಸುಳ್ಳು. ನಾ ಹುಟ್ಟಿದ್ದು ಶೀಗಿ ಹುಣ್ಣಿವಿ ದಿನ, ನಿಮ್ಮ ಸ್ವಾಮಿಗೋಳನ್ನೇ ಕೇಳ್ರಿ, ಆ ದಿನ ಮೂಲಾ ಬರತದೇನಂತ. ನಿಮ್ಮ ಮಗ ಆಡಬಾರದಂತ ಸಕ್ಕರಿ ತಿನ್ನಿಸ್ಯಾರ. ಆಟ ಮುಗೀತು, ಈಗ ನಾನೂ ಬ್ಯಾಡ, ನೀವೂ ಬ್ಯಾಡ."

ಎತ್ತು ನಿಂತವು. ಆಕೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗಾರ ನೀ ಯಾಕ ಬಂದಿ? ಹ್ಯಾಂಗರ ಮಾಡಿ ಮಾಡಿಕೊಳ್ರಿ ಅಂತ ಕೇಳಾಕೇನು?"

"ಇಲ್ರಿ. ಸೀರಿ ಕೊಟ್ಟು ಹೋಗಾಕ. ನಮ್ಮಪ್ಪ ಮುರಿಯೂದಕ್ಕಿಂತ ಮೊದಲ ನಾನೇ ಮುರದೀನಿ. ಯಾರರ ಕೇಳಿದ್ರ ಹಂಗೇ ಹೇಳ್ರಿ. ಮೂಲಾ ಅನಬ್ಯಾಡ್ರಿ, ಬಾಯಿ ಜೋರಿನಾಕಿ ಇದ್ದಳು, ತಾನೇ ಬ್ಯಾಡ ಅಂದು ಹೋದಳು ಅನ್ರಿ."

ಕೂಲಿಯ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗನ ತಾಯಿ ಗಂಟು ಬಿಚ್ಚಿ ಸೀರೆ ನೋಡಿ, ಮಡಚಿ ಮೊರದ ಪಕ್ಕ ಇಟ್ಟಳು. ನಮ್ಮಪ್ಪನಿಗೆ ಒಂದಷ್ಟು ಬೈದಳು. ಅದನ್ನು ಇಲ್ಲಿ ಹೇಳಲಾರೆ, ಆದರೆ ಒಂದೂ ತಪ್ಪಿರಲಿಲ್ಲ. ಬೈದು ಮುಗಿದ ಮೇಲೆ, "ಉಂಡಿಯೇನು?" ಎಂದಳು.

"ಇಲ್ರಿ."

ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕೊಟ್ಟಳು. ಹುಡುಗ ಎತ್ತಿನ ಹತ್ತಿರವೇ ನಿಂತಿದ್ದ. ಅವನಿಗೆ ಕೇಳುವ ಹಾಗೆ ಹೇಳಿದೆ, "ನೀವು ಈಗ ಯಾರ ಅಳಿಯನೂ ಅಲ್ರಿ. ಬರೂ ವರ್ಷ ಆ ಮೀಸಿ ಬ್ಯಾಕಿನವನ ಬಲಗಡಿಂದ ಹೋಗ್ರಿ, ಅಂವ ಅತ್ತ ತಿರಗಂಗಿಲ್ಲ."

ಅವನು ತಲೆ ಆಡಿಸಿ ಎತ್ತುಗಳನ್ನು ಮತ್ತೆ ಸುತ್ತಿಸತೊಡಗಿದ. ನಾನು ಕಣದ ಬದಿಯಲ್ಲಿ ಕೂತು ಎರಡು ರೊಟ್ಟಿ ತಿಂದೆ. ಹಸಿವಾಗಿತ್ತು.